ಸರ, ಇದು ಅಸಲಿನೋ ನಕಲಿನೋ? ಎಷ್ಟ್ ಬರ್ತದ?

ನಾನು ಹಳೆಯ ಸೈನಿಕ ಪದಕ ಮತ್ತು ಬಿಲ್ಲೆಗಳನ್ನು ಕೂಡಿಡುತ್ತೇನೆ ಅನ್ನೋದು ಕಲಬುರಗಿಯಲ್ಲಿ ಪರಿಚಯದವರಿಗೆಲ್ಲ ಗೊತ್ತು. ಹಾಗಾಗಿ ಮದುವೆ ಮನೆಯಿರಲಿ, ಸೂಪರ್ ಮಾರ್ಕೆಟ್ಟಿನ ಸಂದಣಿಯಿರಲಿ, ಯಾರಾದರೂ ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. "ನಮ್ಮ ಮುತ್ಯಾಂದು ಸರ. ಅಸಲಿನೋ ನಕಲಿನೋ? ಎಷ್ಟ್ ಬರ್ತದ?" ಪ್ರತಿಯೊಬ್ಬರಿಗೂ ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಂಚು ನೋಡಿ, ಅಂದರೆ ಪದಕದ ದಪ್ಪ ಕಾಣುವ ಬದಿ. ಎಲ್ಲರೂ ಫೋಟೊದಲ್ಲಿ ರಾಜನ ಮುಖ ತೋರಿಸುತ್ತಾರೆ. ಆ ಮುಖ ಲಕ್ಷಗಟ್ಟಲೆ ಪದಕಗಳ ಮೇಲಿದೆ, ಅದರಿಂದ ಏನೂ ಹೇಳಲು ಬರುವುದಿಲ್ಲ. ನಿಮ್ಮ ಮುತ್ಯಾನ, ಅಂದರೆ ಅಜ್ಜನ, ಹೆಸರು ಇರುವುದು ಅಂಚಿನ ಮೇಲೆ. ನಂಬರ್, ದರ್ಜೆ, ಹೆಸರು, ಪಲ್ಟನ್ನು, ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಅಸಲಿಯೋ ಅಲ್ಲವೋ ಅನ್ನೋದನ್ನೂ, ಬೆಲೆಯನ್ನೂ ಮುಕ್ಕಾಲು ಭಾಗ ಆ ಒಂದು ಸಾಲೇ ಹೇಳುತ್ತದೆ.

ನಮ್ಮ ಕಡೆ ಜಾಸ್ತಿ ಕಾಣುವುದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. 36 ಮಿಲಿಮೀಟರ್ ಅಗಲ. ಒಂದು ಕಡೆ ಐದನೇ ಜಾರ್ಜ್, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬೆತ್ತಲೆ ಸವಾರ. ರಿಬ್ಬನ್ನಿನ ನಡುವೆ ಕಿತ್ತಳೆ, ಆಮೇಲೆ ಬಿಳಿ, ಕಪ್ಪು, ತುದಿಗೆ ನೀಲಿ. ಬೆಳ್ಳಿಯಲ್ಲಿ ಸುಮಾರು 65 ಲಕ್ಷ ಕೊಟ್ಟಿದ್ದಾರೆ. ಇದೇ ಪದಕ ಕಂಚಿನಲ್ಲೂ ಇದೆ. ಅದು ಹೆಚ್ಚಾಗಿ ಹೋದದ್ದು ಚೀನಾ, ಮಾಲ್ಟಾ, ಭಾರತದಿಂದ ಹೋಗಿ ಮೂಟೆ ಹೊತ್ತ, ರಸ್ತೆ ಅಗೆದ ಲೇಬರ್ ಕೋರ್‌ನ ಜನಕ್ಕೆ. ಅಂದಾಜು 1 ಲಕ್ಷ 10 ಸಾವಿರ ಮಾತ್ರ. "ಬೆಳ್ಳಿದಲ್ಲ, ಹಂಗಾದ್ರ ನಕಲಿ" ಅಂತ ಕಂಚಿನದನ್ನು ಮಕ್ಕಳ ಕೈಗೆ ಆಡಲು ಕೊಟ್ಟ ಮನೆಗಳನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಸಿಗುವುದು ಕಷ್ಟ ಇರೋದು ಆ ಕಂಚಿನದೇ. ಬಂದೂಕು ಹಿಡಿಯದೆ ಸಮುದ್ರ ದಾಟಿ ದುಡಿದವರ ಹೆಸರು ಎಷ್ಟೋ ಮನೆಗಳಲ್ಲಿ ಉಳಿದಿರುವುದೇ ಅದರ ಅಂಚಿನಲ್ಲಿ.

ಬೆಳ್ಳಿಯದಕ್ಕೆ ಬೇರೆ ಗತಿ. 1979-80ರಲ್ಲಿ ಬೆಳ್ಳಿ ಬೆಲೆ ಏಕಾಏಕಿ ಏರಿದಾಗ ಜಗತ್ತಿನ ತುಂಬ ಈ ಪದಕಗಳನ್ನು ಕರಗಿಸಿದರು. ನಮ್ಮ ಮನೆಗಳಲ್ಲೂ ಕಷ್ಟ ಬಂದಾಗ ಸರಾಫ್ ಬಜಾರಿಗೆ ಹೋಗಿ ತೂಕಕ್ಕೆ ಮಾರಿದವರಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ಈಗ ಮಾರುವ ಮುಂಚೆ ಅಂಚಿನ ಅಕ್ಷರವನ್ನಾದರೂ ಬರೆದಿಟ್ಟುಕೊಳ್ಳಿ.

ಇನ್ನು ಮೋಸದ ಮಾತು. ಮಾಮೂಲಿ ಸಿಪಾಯಿಯ ಹೆಸರನ್ನು ಅರದಿಂದ ಉಜ್ಜಿ ತೆಗೆದು, ಹೆಸರುವಾಸಿ ರೆಜಿಮೆಂಟಿನ ಹೆಸರು ಕೆತ್ತಿ ಮಾರುವುದು ಹಳೆಯ ಚಾಳಿ. ಇದನ್ನು ಹಿಡಿಯಲು ಬೇಕಾಗಿರುವುದು ವರ್ನಿಯರ್ ಕ್ಯಾಲಿಪರ್ ಮತ್ತು ಒಂದು ಭೂತಗನ್ನಡಿ. ಅಂಚನ್ನು ಉಜ್ಜಿದ್ದರೆ ಪದಕದ ಅಗಲ ಅಲ್ಲಿ ಕೂದಲೆಳೆಯಷ್ಟು ಕಮ್ಮಿ ಬರುತ್ತದೆ, ಬೇರೆ ಕೋನದಲ್ಲಿ ಅಳೆದರೆ ಸರಿ ಇರುತ್ತದೆ. ಈ ಪದಕದಲ್ಲಿ ಸರ್ಕಾರ ಹಾಕಿಸಿದ ಅಕ್ಷರ ಅಚ್ಚಿನಿಂದ ಒತ್ತಿದ್ದು. ಒತ್ತಿದಾಗ ಲೋಹ ಪಕ್ಕಕ್ಕೆ ಸರಿದಿರುತ್ತದೆ, ಅಕ್ಷರದ ತಳ ಸಮ ಇರುತ್ತದೆ. ಉಳಿಯಿಂದ ಕೆತ್ತಿದ್ದಾದರೆ ಲೋಹ ಎದ್ದು ಹೋಗಿ ಗೀರು ಹೊಳೆಯುತ್ತದೆ. ಒಂದೆರಡು ಅಸಲಿ ನೋಡಿದ ಮೇಲೆ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಎರಡನೇ ಮಹಾಯುದ್ಧದ ಪದಕಕ್ಕೆ ಬಂದರೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹರಿದಾಡುತ್ತಿದೆ. "ಆ ಯುದ್ಧದ ಪದಕಗಳಿಗೆ ಹೆಸರೇ ಹಾಕಿಲ್ಲ, ಖಾಲಿ ಇದ್ರೂ ಅಸಲಿನೇ" ಅನ್ನುತ್ತಾರೆ. ಬ್ರಿಟನ್ನಿನ ಸೈನಿಕರ ಮಟ್ಟಿಗೆ ಅದು ಸರಿ. ಆದರೆ ಭಾರತದ ಸೈನಿಕರಿಗೆ ಕೊಟ್ಟ ಪದಕಗಳ ಮೇಲೆ ಹೆಸರು ಹಾಕಿಸಿದ್ದರು. ಇಂಡಿಯಾ ಸರ್ವಿಸ್ ಮೆಡಲ್ ಗೊತ್ತಲ್ವಾ, ಒಂದು ಕಡೆ ಅಖಂಡ ಭಾರತದ ನಕ್ಷೆ, ಕೆಳಗೆ 1939-45 ಅಂತ ಇರುತ್ತದೆ. ನಮ್ಮ ಸೈನಿಕರದು ಅಂತ ತೋರಿಸುವ ಆ ಪದಕದ ಅಂಚು ಬೋಳಾಗಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ. ಹಾಗಂತ ಬೋಳು ಅಂಚೆಲ್ಲ ಮೋಸ ಅಲ್ಲ. ದಂಡು ಪ್ರದೇಶಗಳಲ್ಲಿ ಪದಕ ಜೋಡಿಸಿ ಹೊಲಿದು ಕೊಡುವ ಅಂಗಡಿಗಳಿವೆ, ಅಲ್ಲಿ ಪ್ರತಿಗಳೂ ಸಿಗುತ್ತವೆ. ಅಸಲಿ ಕಳೆದುಕೊಂಡ ನಿವೃತ್ತ ಸೈನಿಕ ಪರೇಡಿಗೆ ಬೇಕು ಅಂತ ತಾನೇ ಕೊಂಡಿರಬಹುದು. ಅದು ಮಾರಾಟಕ್ಕೆ ಬೆಲೆ ಇಲ್ಲದ್ದು. ಆದರೆ ಮುತ್ಯಾ ಎದೆ ಮೇಲೆ ಹಾಕಿಕೊಂಡದ್ದು ಅದನ್ನೇ ಆದರೆ, ನಿಮ್ಮ ಮನೆಯ ಮಟ್ಟಿಗೆ ಅದೇ ಅಸಲಿ.

ಆರು ಮೂಲೆಯ ನಕ್ಷತ್ರದ ಪದಕಗಳಿವೆಯಲ್ಲ, ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್. ಇವುಗಳಲ್ಲಿ ಎರಕದ ನಕಲು ತುಂಬಾ. ಒಮ್ಮೆ ಬೀದರಿಗೆ ಹೋದಾಗ ಜೇಬಿನಲ್ಲಿದ್ದ ಬರ್ಮಾ ಸ್ಟಾರನ್ನು ಬಿದರಿ ಕೆಲಸದವರೊಬ್ಬರ ಕೈಗೆ ಕೊಟ್ಟೆ. ಅವರು ಸತು, ತಾಮ್ರ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದು, ಅರದಿಂದ ಉಜ್ಜಿ, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಜನ. ಪದಕದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಮೇಲಿನ ಕಿರೀಟವನ್ನು ನೋಡಲೇ ಇಲ್ಲ. ಎರಡು ಮೂಲೆಗಳ ನಡುವಿನ ಸಂದಿಗೆ ಉಗುರು ಹಾಕಿ ಎಳೆದರು. "ಇದು ಹೊಯ್ದದ್ದು ಅದರೀ, ಠಸ್ಸೆ ಹೊಡೆದದ್ದಲ್ಲ" ಅಂದರು. ಅರ ಹೋಗದ ಆ ಸಂದಿಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದವು. ಕೆಳಗಿನ ಮೂಲೆಯಲ್ಲಿ ಒಂದು ಕಡೆ ಮಾತ್ರ ಜಾಸ್ತಿ ಉಜ್ಜಿದ ಗುರುತು. ಕರಗಿದ ಲೋಹ ಅಚ್ಚಿನೊಳಗೆ ಇಳಿದ ದಾರಿ ಅದೇ ಅಂತ ತೋರಿಸಿದರು. ಅಸಲಿ ನಕ್ಷತ್ರವನ್ನು ಯಂತ್ರದ ಅಚ್ಚಿನಿಂದ ಒತ್ತಿ ತೆಗೆದಿರುತ್ತಾರೆ. ಮೈ ನಯವಾಗಿರುತ್ತದೆ, ಗೆರೆಗಳು ಚೂಪಾಗಿರುತ್ತವೆ. ಎರಕದ ನಕಲು ತಣಿದಾಗ ಕುಗ್ಗುವುದರಿಂದ ಅಳತೆಯಲ್ಲೂ ಒಂದಿಷ್ಟು ಸಣ್ಣದಾಗಿರುತ್ತದೆ. ಇದನ್ನು ಕಲಿಯಲು ಲಂಡನ್ನಿನ ಹರಾಜಿನವರನ್ನೇ ಕೇಳಬೇಕಾಗಿಲ್ಲ. ಲೋಹದ ಜೊತೆ ದಿನವೂ ದುಡಿಯುವವರು ನಮ್ಮ ಪಕ್ಕದಲ್ಲೇ ಇದ್ದಾರೆ.

ಈಗ ನಮ್ಮ ಭಾಗದವರು ಜಾಸ್ತಿ ಸಿಕ್ಕಿಬೀಳುವ ಜಾಗ. ಅಂಚಿನ ಮೇಲೆ ಹೈದರಾಬಾದ್ ರೆಜಿಮೆಂಟ್ ಅಂತ ಮೊಟಕಾಗಿ ಬರೆದಿರುತ್ತದೆ. "ನಮ್ಮ ನಿಜಾಮರ ಸೈನ್ಯದ್ದು ಸರ" ಅಂತ ಮಾರುವವನು ರೇಟ್ ಏರಿಸುತ್ತಾನೆ, ಕೊಳ್ಳುವವನು ಖುಷಿಯಿಂದ ಕೊಡುತ್ತಾನೆ. 19ನೇ ಹೈದರಾಬಾದ್ ರೆಜಿಮೆಂಟ್ ನಿಜಾಮರ ಸೈನ್ಯವಲ್ಲ. ಅದರ ಬೇರು ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹಳೆಯ ಹೈದರಾಬಾದ್ ಕಂಟಿಂಜೆಂಟ್ ಪಡೆಯಲ್ಲಿದೆ ನಿಜ, ಆದರೆ ಅದು ಬ್ರಿಟಿಷ್ ಇಂಡಿಯಾದ ರೆಜಿಮೆಂಟು. ಮುಂದೆ ಅದಕ್ಕೆ ಸೇರುತ್ತಿದ್ದವರು ಹೆಚ್ಚಾಗಿ ಕುಮಾವುನಿ, ಜಾಟ್, ಅಹಿರ್ ಜನ. 1945ರಲ್ಲಿ ಅದರ ಹೆಸರೇ ಕುಮಾವುನ್ ರೆಜಿಮೆಂಟ್ ಆಯಿತು. ನಮ್ಮ ಕೊಡಗಿನ ತಿಮ್ಮಯ್ಯನವರು ಬರ್ಮಾ ಕದನದಲ್ಲಿ ಇದೇ ರೆಜಿಮೆಂಟಿನ 8ನೇ ಬೆಟಾಲಿಯನ್ ನಡೆಸಿದವರು. ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಇದರ 4ನೇ ಬೆಟಾಲಿಯನ್ನಿನವರು. ಹೆಮ್ಮೆ ಪಡಲು ಬೇಕಾದಷ್ಟಿದೆ. ಆದರೆ ಹೈದರಾಬಾದ್ ಅಂತ ಇದ್ದ ಮಾತ್ರಕ್ಕೆ ಆ ಸೈನಿಕ ಆಳಂದದವನೋ ಸುರಪುರದವನೋ ಆಗುವುದಿಲ್ಲ. ನಿಜಾಮರ ಸ್ವಂತ ಪಡೆ ಬೇರೆ. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಲ್ಯಾನ್ಸರ್‌ ಸವಾರರವು, ಅಂದರೆ ಈಟಿ ಹಿಡಿದ ಕುದುರೆ ಪಡೆಯವರವು. ಅಂಚಿನಲ್ಲಿ ಹೈದರಾಬಾದ್ ಜೊತೆ ಲ್ಯಾನ್ಸರ್ ಅಂತ ಕಂಡರೆ ನನಗೆ ಖಂಡಿತ ಹೇಳಿ, ನಾನೇ ಬಂದು ನೋಡುತ್ತೇನೆ.

1947ರ ಸ್ವಾತಂತ್ರ್ಯ ಪದಕದ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಮುಖದಲ್ಲಿ ಅಶೋಕ ಚಕ್ರ, ಚಕ್ರದ ನೆತ್ತಿ ಮೇಲೆ ಬ್ರಿಟಿಷ್ ಕಿರೀಟ, ಸುತ್ತಲೂ ಆರನೇ ಜಾರ್ಜನ ಹೆಸರು. ತಿರುಗಿಸಿದರೆ ಅಶೋಕನ ಸಿಂಹಗಳು, 15 ಆಗಸ್ಟ್ 1947. ಹೋಗುತ್ತಿದ್ದ ರಾಜ್ಯ, ಬರುತ್ತಿದ್ದ ರಾಜ್ಯ ಎರಡೂ ಒಂದೇ ಬಿಲ್ಲೆಯ ಮೇಲಿವೆ. ನನಗೆ ತುಂಬ ಇಷ್ಟದ ಪದಕ ಇದು. ಭಾರತದ ಸೈನ್ಯದಲ್ಲಿದ್ದವರಿಗೆ, ಭಾರತಕ್ಕೆ ಸೇರಿದ್ದ ಸಂಸ್ಥಾನಗಳ ಪಡೆಗಳಿಗೆ ಕೊಟ್ಟದ್ದು. ನಮ್ಮ ಹೈದರಾಬಾದ್ ಸಂಸ್ಥಾನ ಸೇರಿದ್ದು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ. ಹಾಗಿರುವಾಗ "ನಿಜಾಮರ ಸಿಪಾಯಿಗೆ ಕೊಟ್ಟ ಸ್ವಾತಂತ್ರ್ಯ ಪದಕ" ಅಂತ ಯಾರಾದರೂ ಮಾರಲು ಬಂದರೆ, ಪದಕ ಅಸಲಿ ಇರಬಹುದು, ಕಥೆಯನ್ನು ಮಾತ್ರ ನಂಬಬೇಡಿ.

ಕಥೆ ಅಂದಾಗ ರಜಾಕಾರರ, ಅಂದರೆ ಪೊಲೀಸ್ ಕಾರ್ಯಾಚರಣೆಗೆ ಮುಂಚೆ ನಿಜಾಮರ ಪರ ನಿಂತು ಜನರ ಮೇಲೆ ದಾಳಿ ಮಾಡಿದ ಖಾಸಗಿ ಪಡೆಯವರ, ಬಿಲ್ಲೆ ಅಂತ ಮಾರುವವರ ಬಗ್ಗೆ ಹೇಳಲೇಬೇಕು. ಯಾವ ಮನೆಯಿಂದ ಬಂತು, ಯಾರ ಬಳಿ ಇತ್ತು ಅನ್ನುವ ಒಂದು ಚೀಟಿಯೂ ಇರುವುದಿಲ್ಲ, ಬಾಯಿಮಾತು ಮಾತ್ರ. ಆ ದಿನಗಳಲ್ಲಿ ಊರು ಬಿಟ್ಟು ಓಡಿದ, ಮನೆಯವರನ್ನು ಕಳೆದುಕೊಂಡ ಕುಟುಂಬಗಳು ಇನ್ನೂ ನಮ್ಮ ನಡುವೆ ಇವೆ. ಅವರ ನೋವಿನ ಮೇಲೆ ಹಿತ್ತಾಳೆ ತುಂಡು ಮಾರುವುದು ನನಗೆ ಸಹಿಸಲಾಗದ ಕೆಲಸ. ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ಟೋಪಿ, ಭುಜದ ಬಿಲ್ಲೆಗಳನ್ನು ಗುರುತಿಸುವುದು ಪದಕಕ್ಕಿಂತ ಕಷ್ಟ. ಹೆಸರಿರುವುದಿಲ್ಲ. ಹಳೆಯ ಕಾಲದಲ್ಲೇ ಬಜಾರಿನಲ್ಲಿ ಒರಟಾಗಿ ಮಾಡಿಸಿಕೊಂಡವೂ ಇವೆ, ಹಾಗಾಗಿ ಒರಟು ಅಂದರೆ ನಕಲಿ ಅಂತಲೂ ಅಲ್ಲ. ಹಿಂದೆ ಬೆಸುಗೆ ಹಾಕಿದ ಕೊಂಡಿ ನೋಡಿ. ಬಿಲ್ಲೆ ಸವೆದು ಹೋಗಿ, ಕೊಂಡಿ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ.

ದಯವಿಟ್ಟು ಪದಕ ತಿಕ್ಕಬೇಡಿ. ಹಬ್ಬಕ್ಕೆ ಹಿತ್ತಾಳೆ ಪಾತ್ರೆಗಳ ಜೊತೆ ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಮಾಡುತ್ತಾರೆ. ವರ್ಷ ವರ್ಷ ತಿಕ್ಕಿದರೆ ಅಂಚಿನ ಹೆಸರೇ ಅಳಿಸಿ ಹೋಗುತ್ತದೆ. ಬೆಳ್ಳಿಯದಕ್ಕೆ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಕಪ್ಪಾಗುತ್ತದೆ. ಹರಿದ ರಿಬ್ಬನ್ ಬಿಸಾಡಬೇಡಿ. ಅದನ್ನು ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳೆ ಲೈಟಿನ ಕೆಳಗೆ ಹಿಡಿದರೆ ಈಚಿನ ಕೃತಕ ದಾರ ಸಾಮಾನ್ಯವಾಗಿ ಬೆಳ್ಳಗೆ ಮಿನುಗುತ್ತದೆ, ಹಳೆಯ ದಾರ ಸುಮ್ನೆ ಮಂಕಾಗಿರುತ್ತದೆ.

ರೇಟು? ಒಂಟಿ ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್ ಲಕ್ಷಕ್ಕೆ ಹೋಗುವಂಥವಲ್ಲ. ಮೊಬೈಲಿಗೆ ಬರುವ ಮೆಸೇಜು ನಂಬಬೇಡಿ. ಒಬ್ಬ ಸೈನಿಕನ ಎಲ್ಲ ಪದಕ, ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಚೀಟಿ, ಒಂದು ಫೋಟೊ ಒಟ್ಟಿಗೆ ಇದ್ದರೆ ಆಗ ಬೆಲೆಯೂ ಬೇರೆ, ಅರ್ಥವೂ ಬೇರೆ. ಅಣ್ಣ ತಮ್ಮಂದಿರು ಆಸ್ತಿ ಪಾಲು ಮಾಡುವಾಗ ಪದಕಗಳನ್ನೂ ಒಂದೊಂದು ಹಂಚಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ಒಬ್ಬರ ಬಳಿಯೇ ಇಡಿ. ಕಾಗದ ಉರ್ದುವಿನಲ್ಲಿದ್ದರೆ ಕಸ ಅಂತ ತಿಳಿಯಬೇಡಿ, ಓದಿ ಹೇಳುವ ಹಿರಿಯರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಇನ್ನೊಂದು ಮಾತು: ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಅವನ್ನು ಅನುಮತಿ ಇಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳಿಗೆ ಈಗ ನೂರು ದಾಟಿದೆ. ವಿದೇಶದ ಗಿರಾಕಿ ಜಾಸ್ತಿ ಕೊಡುತ್ತಾನೆ ಅಂತ ಪಾರ್ಸೆಲ್ ಮಾಡಲು ಹೋಗಬೇಡಿ.

ನನಗೆ ಫೋಟೊ ಕಳಿಸುವುದಾದರೆ ಹೀಗೆ ಕಳಿಸಿ. ಪದಕವನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ, ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಅಕ್ಷರ ಎದ್ದು ಕಾಣುತ್ತವೆ. ಅಂಚನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪೂರ್ತಿ ಸಾಲು ಬರುವಂತೆ ತೆಗೆಯಿರಿ. ನಕ್ಷತ್ರವಾದರೆ ಬೆನ್ನಿನ ಕಡೆ ತೆಗೆಯಿರಿ, ಹೆಸರು ಅಲ್ಲಿರುತ್ತದೆ. ಮುತ್ಯಾನ ಹೆಸರು, ಊರು, ಗೊತ್ತಿದ್ದರೆ ಪಲ್ಟನ್ನು, ಇಷ್ಟು ಬರೆಯಿರಿ. ರಾಜನ ಫೋಟೊ ಕೊನೆಗೆ ಒಂದು ಸಾಕು.