ಅಂಬಾಸಡರ್ ಮಾರ್ಕ್ 2 ವೈಪರ್ ಕೆಲಸ: ಎಲ್ಲಿಗೆ ಬಂತು, ಏನು ಬಾಕಿ

ಅಂಬಾಸಡರ್ ವೈಪರ್ ಆಡುತ್ತಿಲ್ಲ ಅಂದ ತಕ್ಷಣ ಅಂಗಡಿಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಮೊದಲು ಬರುವ ಮಾತು 'ಮೋಟರ್ ಬದಲಾಯಿಸಿ' ಅಂತ. ಹಳೇ ಲೂಕಸ್ (ಬ್ರಿಟನ್ನಿನ ವಾಹನ ವಿದ್ಯುತ್ ಉಪಕರಣ ಕಂಪನಿ) ಪದ್ಧತಿಯ ವೈಪರ್‌ನಲ್ಲಿ ಮೋಟರ್ ಬದಲಾಯಿಸುವುದು ಕೊನೆಯ ಮಾತಾಗಬೇಕು. ಮೋಟರ್ ಗಟ್ಟಿಮುಟ್ಟು, ಬಿಚ್ಚಿ ಸರಿಮಾಡುವಂಥದ್ದು. ನಿಜಕ್ಕೂ ಸವೆಯುವುದೂ, ಹುಡುಕಿದರೆ ಸುಲಭಕ್ಕೆ ಸಿಗದಿರುವುದೂ ವೀಲ್‌ಬಾಕ್ಸ್ (ಆರ್ಮನ್ನು ಅತ್ತಿತ್ತ ತಿರುಗಿಸುವ ಹಲ್ಲುಚಕ್ರದ ಪೆಟ್ಟಿಗೆ) ಮತ್ತು ಅದಕ್ಕೆ ಕೂರುವ ಆರ್ಮ್, ಅಂದರೆ ಬ್ಲೇಡ್ ಹಿಡಿಯುವ ಕೈ. ಹಾಗಾಗಿ ಕೊಳ್ಳುವ ಪಟ್ಟಿ ಮಾಡುವ ಮುಂಚೆ ಇರುವುದನ್ನೆಲ್ಲ ಅಳೆದು, ಉಳಿಸಬಹುದಾದದ್ದನ್ನು ಉಳಿಸುವ ದಾರಿಯಲ್ಲಿ ಈ ಕೆಲಸ ನಡೆದಿದೆ.

ಗಾಡಿ 1960ರ ದಶಕದ ಕೊನೆಯ ಮಾರ್ಕ್ 2. ಇರುವುದು ತುಮಕೂರಿನಲ್ಲಿ. ನಮ್ಮ ಕಡೆ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಷ್ಟರೊಳಗೆ ವೈಪರ್ ಸರಿಯಾಗಬೇಕು. ಇದ್ದ ದೂರು ಮೂರು: ವೈಪರ್ ತೆವಳುತ್ತದೆ, ಎಡಗಡೆಯದು ಜೋರಾಗಿ ನೀರು ಬಿದ್ದರೆ ಜಾರುತ್ತದೆ, ಸ್ವಿಚ್ ಆಫ್ ಮಾಡಿದರೆ ಗಾಜಿನ ನಡುವೆಯೇ ನಿಂತುಬಿಡುತ್ತದೆ. ಮೂರಕ್ಕೂ ಕಾರಣ ಬೇರೆ ಬೇರೆ.

ಮಾರುತಿ 800ರ ಲಿಂಕೇಜ್ ಪೂರ್ತಿ ತಂದು ಕೂರಿಸಿ ಎಂಬ ಸಲಹೆಯೂ ಬರುತ್ತದೆ. ಅದಕ್ಕೆ ಗಾಜಿನ ಕೆಳಗಿನ ತಗಡನ್ನು ಕೊಯ್ಯಬೇಕು. 2021ರ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ನಿಯಮ ಒತ್ತಟ್ಟಿಗಿರಲಿ, ಕೊಯ್ದ ತಗಡು ಮತ್ತೆ ಕೂಡುವುದಿಲ್ಲ. ಆ ದಾರಿ ಬೇಡ.

ಒಳಗೆ ಏನಿದೆ

ಮೋಟರಿನ ಗೇರ್‌ಬಾಕ್ಸ್‌ನಲ್ಲಿ ವರ್ಮ್ (ತಿರುಪಿನಂಥ ಗೇರ್) ಒಂದು ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಪಿನ್ನಿಗೆ ಲಿಂಕ್, ಲಿಂಕಿನ ಆಚೆ ತುದಿಗೆ ಹಿಂದೆ ಮುಂದೆ ಜಾರುವ ತುಂಡಾದ ಕ್ರಾಸ್‌ಹೆಡ್, ಅದಕ್ಕೆ ರ್‍ಯಾಕ್ ಕೇಬಲ್. ಕೇಬಲ್ ಮೈಮೇಲೆ ದಪ್ಪ ತಂತಿಯನ್ನು ಸುರುಳಿ ಸುತ್ತಿರುತ್ತಾರೆ, ಆ ಸುರುಳಿಯೇ ಹಲ್ಲು. ಕೇಬಲ್ ಲೋಹದ ಕೊಳವೆಯೊಳಗೆ ಹಿಂದೆ ಮುಂದೆ ಓಡುತ್ತ ಎರಡು ವೀಲ್‌ಬಾಕ್ಸ್‌ಗಳನ್ನು ಹಾದು ಹೋಗುತ್ತದೆ. ವೀಲ್‌ಬಾಕ್ಸ್ ಒಳಗಿನ ಹಲ್ಲುಚಕ್ರ ಅತ್ತಿತ್ತ ತಿರುಗಿದಾಗ ಅದರ ಸ್ಪಿಂಡಲ್ (ನಡುಕಡ್ಡಿ) ಮೇಲೆ ಕೂತ ಆರ್ಮ್ ಗಾಜನ್ನು ಒರೆಸುತ್ತದೆ.

ಮೋಟರ್: ಉಳಿಯಿತು

ಮೋಟರ್ ಮೈಮೇಲೆ ಡಿಆರ್3ಎ ಎಂದು ಅಚ್ಚಿದೆ. ಅಚ್ಚು ನೋಡದೆ ಯಾವ ಅಳತೆಯನ್ನೂ ನಂಬಬಾರದು, ಗಾಡಿಯ ವರ್ಷ ಬದಲಾದಂತೆ ಮೋಟರ್ ಬೇರೆಯಿರಬಹುದು. ಈ ನಮೂನೆಗೆ ರ್‍ಯಾಕ್ ಕಳಚಿ ಬರಿದೇ ಓಡಿಸಿದಾಗ 2.7ರಿಂದ 3.4 ಆಂಪಿಯರ್ ಎಳೆಯಬೇಕು. ಇದು 4 ದಾಟುತ್ತಿತ್ತು. ಬಿಚ್ಚಿದಾಗ ಆರ್ಮೇಚರ್ (ಮೋಟರಿನೊಳಗೆ ತಿರುಗುವ ಭಾಗ) ತುದಿಯ ಸ್ಕ್ರೂ ಪೂರ್ತಿ ಬಿಗಿದಿರುವುದು ಕಂಡಿತು. ಆರ್ಮೇಚರಿಗೆ ಉದ್ದುದ್ದಕ್ಕೆ 0.2ರಿಂದ 0.3 ಮಿ.ಮೀ. ಆಟ ಇರಬೇಕು. ಸ್ಕ್ರೂವನ್ನು ತಡೆ ಸಿಗುವವರೆಗೆ ಒಳಗೆ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಟ್ಟು, ಲಾಕ್ ನಟ್ ಬಿಗಿದರೆ ಆಯಿತು. ಅಷ್ಟಕ್ಕೇ ಆಂಪಿಯರ್ 3ರ ಆಸುಪಾಸಿಗೆ ಇಳಿಯಿತು.

ಕಮ್ಯುಟೇಟರನ್ನು (ಆರ್ಮೇಚರ್ ತುದಿಯಲ್ಲಿ ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆ) ಗಾಜಿನ ಪುಡಿ ಅಂಟಿಸಿದ ಉಜ್ಜುಕಾಗದದಲ್ಲಿ ಒರೆಸಬೇಕು, ಎಮರಿ ಕಾಗದ ಬೇಡ. ಎಮರಿಯ ಪುಡಿ ಪಟ್ಟಿಗಳ ನಡುವಿನ ಸಂದಿಗೆ ಸೇರಿ ವಿದ್ಯುತ್ತು ಹಾಯಲು ದಾರಿ ಮಾಡುತ್ತದೆ. ಬ್ರಷ್ (ಕಮ್ಯುಟೇಟರಿಗೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ತುಂಡು) ವಿಷಯದಲ್ಲಿ ಒಂದು ಎಚ್ಚರಿಕೆ: ಮಿಕ್ಸಿ ಬ್ರಷ್ಷನ್ನು ಅರದಲ್ಲಿ ಉಜ್ಜಿ ಕೂರಿಸುವವರಿದ್ದಾರೆ. ಅದು 230 ವೋಲ್ಟಿಗೆ ಮಾಡಿದ ಗಟ್ಟಿ ಕಾರ್ಬನ್, ರೋಧ ಹೆಚ್ಚು. 12 ವೋಲ್ಟಿನಲ್ಲಿ ಮೋಟರ್ ಸೊರಗುತ್ತದೆ. ಬೇಕಾದದ್ದು ತಾಮ್ರ ಬೆರೆತ ಬ್ರಷ್, ಮುರಿದ ಮೈಯಲ್ಲಿ ಕೆಂಪು ಮಿಂಚು ಕಾಣುತ್ತದೆ. ಸ್ವಲ್ಪ ದೊಡ್ಡದು ಸಿಕ್ಕರೂ ಸಾಕು, ಉಜ್ಜಿ ಅಳತೆಗೆ ತರಬಹುದು.

ನಡುವೆಯೇ ನಿಲ್ಲುತ್ತಿದ್ದುದಕ್ಕೆ ಕಾರಣ

ಡಿಆರ್3ಎ ಮೋಟರಿನಲ್ಲಿ ಡ್ಯಾಶ್ ಸ್ವಿಚ್ ಇರುವುದು ಅರ್ತ್ (ಗಾಡಿಯ ಲೋಹದ ಮೈಗೆ ಕೂಡುವ ವೈರ್) ಕಡೆಗೆ. 2ನೇ ಟರ್ಮಿನಲ್‌ಗೆ ಇಗ್ನಿಷನ್‌ನಿಂದ ನೇರ ಲೈನ್, 'ಇ' ಗಾಡಿಯ ಮೈಗೆ, 1ನೆಯದು ಸ್ವಿಚ್‌ಗೆ. ಸ್ವಿಚ್ ಆಫ್ ಮಾಡಿದ ಮೇಲೂ ಗೇರ್‌ಬಾಕ್ಸ್ ಮೇಲಿನ ಗುಮ್ಮಟದೊಳಗಿನ ಲಿಮಿಟ್ ಸ್ವಿಚ್ ಅರ್ತ್ ಕೊಡುತ್ತಲೇ ಇದ್ದು, ಆರ್ಮ್ ಕೆಳಗೆ ಬಂದಾಗ ಕಡಿಯುತ್ತದೆ. ಈ ಗಾಡಿಗೆ ಹಿಂದೆ ಯಾವಾಗಲೋ ಲೈನ್ ಕಡೆಗೆ ಮಾಮೂಲಿ ಸ್ವಿಚ್ ಹಾಕಲಾಗಿತ್ತು. ಲೈನ್ ಕಡಿದ ಮೇಲೆ ಲಿಮಿಟ್ ಸ್ವಿಚ್ ಎಷ್ಟೇ ಚೆನ್ನಾಗಿದ್ದರೂ ಮೋಟರ್ ಓಡಲಾರದು. ವೈರಿಂಗ್ ಮೂಲದಂತೆ ಮಾಡಿದೆವು, ಒಂದು ಬಿಡಿಭಾಗವೂ ಕೊಳ್ಳದೆ ಪಾರ್ಕಿಂಗ್ ಬಂತು. ನಿಲ್ಲುವ ಜಾಗ ಹೆಚ್ಚು ಕಡಿಮೆಯಾದರೆ ಗೇರ್‌ಬಾಕ್ಸ್ ಮುಚ್ಚಳದ ಸ್ಕ್ರೂ ಸಡಿಲಿಸಿ ಗುಮ್ಮಟವನ್ನು ಒಂದೆರಡು ಡಿಗ್ರಿ ತಿರುಗಿಸಿ ನೋಡಬೇಕು, ಒಂದೇ ಸಲಕ್ಕೆ ಜಾಸ್ತಿ ತಿರುಗಿಸಬಾರದು.

ಇನ್ನೊಂದು ಮಾತು. ಈ ಮೋಟರಿನ ಫೀಲ್ಡ್ (ಸುತ್ತಲಿನ ಕಾಂತ) ಕೂಡ ತಂತಿಯ ಸುರುಳಿಯೇ ಆದ್ದರಿಂದ ಬ್ಯಾಟರಿಯ ಪಾಸಿಟಿವ್ ಅರ್ತ್ ಆಗಲಿ, ನೆಗೆಟಿವ್ ಅರ್ತ್ ಆಗಲಿ, ತಿರುಗುವ ದಿಕ್ಕು ಒಂದೇ. ಕಾಯಂ ಅಯಸ್ಕಾಂತದ ಹೊಸ ಮೋಟರ್ ತಂದರೆ ಹಾಗಲ್ಲ, ಪಾಸಿಟಿವ್ ಅರ್ತ್ ಗಾಡಿಯಲ್ಲಿ ಅದು ತಿರುಗುಮುರುಗಾಗುತ್ತದೆ.

ರ್‍ಯಾಕ್ ಮತ್ತು ವೀಲ್‌ಬಾಕ್ಸ್

ಹೆಚ್ಚು ಹೊತ್ತು ಹಿಡಿದದ್ದೂ, ಹೇಳಲು ಹೆಚ್ಚು ಇರುವುದೂ ಇಲ್ಲಿಯೇ. ಮೊದಲು ಎರಡೂ ಆರ್ಮ್ ತೆಗೆಯಬೇಕು. ಗೇರ್‌ಬಾಕ್ಸ್ ಮುಚ್ಚಳ ತೆಗೆದು, ಲಿಂಕಿನ ಕ್ಲಿಪ್ ಬಿಡಿಸಿ, ಲಿಂಕ್ ಎತ್ತಿದರೆ ಕ್ರಾಸ್‌ಹೆಡ್ ಸಮೇತ ರ್‍ಯಾಕ್ ಹೊರಗೆ ಎಳೆಯಬಹುದು. ಕಳಚುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ: ಕ್ರಾಸ್‌ಹೆಡ್‌ಗೆ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆದಾಗ 2.7 ಕಿಲೋ ಒಳಗೆ ರ್‍ಯಾಕ್ ಓಡಬೇಕು. ಇಲ್ಲಿ ತಕ್ಕಡಿ 5 ಕಿಲೋ ದಾಟಿತು. ವೈಪರ್ ತೆವಳುವುದಕ್ಕೆ ಮುಖ್ಯ ಕಾರಣ ಇದೇ.

ಕೊಳವೆಯೊಳಗಿನ ಹಳೇ ಗ್ರೀಸು ಆರಿದ ಬೆಲ್ಲದ ಪಾಕದ ಹಾಗೆ ಕಚ್ಚಿಕೊಂಡಿತ್ತು. ರ್‍ಯಾಕನ್ನು ಡೀಸೆಲ್‌ನಲ್ಲಿ ನೆನೆಹಾಕಿ ಹಿತ್ತಾಳೆ ಬ್ರಷ್‌ನಲ್ಲಿ ಸುರುಳಿಯ ಸಂದಿಗಳನ್ನು ಉಜ್ಜಿ, ಕೊಳವೆಗೆ ತಂತಿಯ ತುದಿಗೆ ಬಟ್ಟೆ ಕಟ್ಟಿ ಹಲವು ಸಲ ಎಳೆದು ಒಣಗಿಸಿ, ಲಿಥಿಯಂ ಗ್ರೀಸು ತೆಳ್ಳಗೆ ಸವರಿದರೆ ಮುಗಿಯಿತು. ತುಂಬ ಬಳಿದರೆ ಮತ್ತೆ ಧೂಳು ಹಿಡಿದು ಅದೇ ಪಾಡು. ಕೊಳವೆಯಲ್ಲಿ ನೆಗ್ಗು ಇದ್ದರೆ ಎಷ್ಟು ತೊಳೆದರೂ ತಡೆ ಹೋಗುವುದಿಲ್ಲ. ಎರಡು ವೀಲ್‌ಬಾಕ್ಸ್‌ಗಳ ನಟ್ಟನ್ನು ಹೊರಗಿನಿಂದ ಪೂರ್ತಿ ಬಿಗಿಯುವ ಮುಂಚೆ ರ್‍ಯಾಕನ್ನು ಅತ್ತಿತ್ತ ಓಡಿಸಿ ನೋಡಿ, ಕೊಳವೆ ಓರೆಯಾಗಿದ್ದರೆ ಆಗಲೇ ಕೈಗೆ ತಿಳಿಯುತ್ತದೆ.

ವೀಲ್‌ಬಾಕ್ಸ್ ಹಿಂದಿನ ತಗಡಿನ ಎರಡು ಸ್ಕ್ರೂ ಬಿಚ್ಚಿ ಹಲ್ಲುಚಕ್ರವನ್ನು ಬೆಳಕಿಗೆ ಹಿಡಿದರೆ ಸವೆತ ಸ್ಪಷ್ಟವಾಗಿ ಕಾಣುತ್ತದೆ. ಆರ್ಮ್ ತಿರುಗುವಷ್ಟು ಭಾಗದ ಹಲ್ಲುಗಳು ಮಾತ್ರ ಮೊನಚಾಗಿ ಸವೆದಿವೆ, ಉಳಿದವು ಹೊಸದಾಗಿಯೇ ಇವೆ. ಚಕ್ರ ಎಂದೂ ಪೂರ್ತಿ ಸುತ್ತು ತಿರುಗುವುದಿಲ್ಲವಲ್ಲ. ಆದ್ದರಿಂದ ರ್‍ಯಾಕ್ ಹೊರಗಿರುವಾಗ ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿಟ್ಟು ರ್‍ಯಾಕ್ ಹಾಕಿದರೆ ಸವೆಯದ ಹಲ್ಲು ಕೆಲಸಕ್ಕೆ ಬರುತ್ತದೆ. ರ್‍ಯಾಕನ್ನೂ ಕ್ರಾಸ್‌ಹೆಡ್ ಸಮೇತ ಅರ್ಧ ತಿರುಗಿಸಿ ಕೂರಿಸಬಹುದು, ಅದರ ಇನ್ನೊಂದು ಮೈ ಸಿಗುತ್ತದೆ. ಸ್ಪಿಂಡಲ್ ಸುತ್ತಲೂ ಸ್ಪ್ಲೈನ್ (ಉದ್ದಕ್ಕೆ ಕೊರೆದ ಸಣ್ಣ ಹಲ್ಲು) ಇರುವುದರಿಂದ ಆರ್ಮ್ ಕೂರಿಸಲು ತೊಂದರೆಯಿಲ್ಲ. ಹೊಸ ವೀಲ್‌ಬಾಕ್ಸ್ ಹುಡುಕಿ ಹೊರಡುವವರು ಮೊದಲು ಮಾಡಬೇಕಾದ ಕೆಲಸ ಇದು. ಬಲಗಡೆಯದು ಇಷ್ಟಕ್ಕೇ ಸರಿಹೋಯಿತು.

ಎಡಗಡೆಯದಕ್ಕೆ ಹಲ್ಲು ಸರಿಯಿದ್ದರೂ ಸ್ಪಿಂಡಲ್ ತನ್ನ ತೂತಿನಲ್ಲಿ ಅಲ್ಲಾಡುತ್ತಿತ್ತು. ಆರ್ಮ್ ತುದಿಯಲ್ಲಿ ಆ ಆಟ ಬೆರಳಗಲ ಆಗುತ್ತದೆ, ಬ್ಲೇಡ್ ಗಾಜಿನ ಬೀಡಿಂಗಿಗೆ ಬಡಿಯುತ್ತದೆ. ಪರಿಹಾರ ಗನ್‌ಮೆಟಲ್ ಬುಷ್ (ತೂತಿನೊಳಗೆ ಕೂರುವ ಕಂಚಿನ ಬಳೆ). ಸ್ಪಿಂಡಲನ್ನು ಹೊಳಪು ಮಾಡಿ ಅಳೆದು, ಅದು ಕೂರುವ ತೂತನ್ನು ರೀಮ್ ಮಾಡಿ (ಅಳತೆಗೆ ಸರಿಯಾಗಿ ಕೊರೆದು), ಬುಷ್ ಒತ್ತಿ ಕೂರಿಸಬೇಕು. ವೀಲ್‌ಬಾಕ್ಸ್ ಮೈ ಸತುವಿನ ಎರಕ, ಸುತ್ತಿಗೆ ಏಟಿಗೆ ಬಿರುಕು ಬಿಡುತ್ತದೆ. ವೈಸ್‌ನಲ್ಲಿ ಎರಡೂ ಕಡೆ ಅಲ್ಯೂಮಿನಿಯಂ ತುಂಡಿಟ್ಟು ನಿಧಾನಕ್ಕೆ ಒತ್ತಿಸಿ. ತುಮಕೂರು ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು. ಸಣ್ಣ ಅಳತೆಯ ಕೆಲಸಕ್ಕೆ ಬೆಲೆ ಗೊತ್ತಿರುವ ಲೇತ್ ಮೇಸ್ತ್ರಿಗಳನ್ನು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿದರೆ ಕೆಲಸ ಆಗುತ್ತದೆ. ಬರೀ ಬುಷ್ ಅಳತೆ ಬರೆದುಕೊಂಡು ಹೋಗಬೇಡಿ, ಸ್ಪಿಂಡಲನ್ನೂ ಮೈಯನ್ನೂ ಒಟ್ಟಿಗೆ ಕೊಡಿ.

ಅಂಗಡಿ ಸುತ್ತಾಟ

ಸ್ಯಾಂಪಲ್ ಇಲ್ಲದೆ ಹೊರಡುವುದು ವ್ಯರ್ಥ. ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಚೀಲದಲ್ಲಿ ಹಳೇ ವೀಲ್‌ಬಾಕ್ಸ್, ಬೆರಳುದ್ದದ ರ್‍ಯಾಕ್ ತುಂಡು, ಹಳೇ ಆರ್ಮ್, ವರ್ನಿಯರ್ ಇರಲೇಬೇಕು. ರ್‍ಯಾಕ್ ತುಂಡನ್ನು ಕೌಂಟರ್ ಮೇಲೇ ಹಲ್ಲಿಗೆ ಕೂರಿಸಿ ನೋಡಿ. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಲೂಕಸ್ ರ್‍ಯಾಕ್ ಪದ್ಧತಿಯೇ ಇದ್ದುದರಿಂದ ಅದರ ವೀಲ್‌ಬಾಕ್ಸನ್ನು ಇದೇ ಎಂದು ಕೊಡುವುದುಂಟು. ಹಲ್ಲು ಕೂಡಿದರೂ ಸ್ಪಿಂಡಲ್ ಉದ್ದ, ಹೊರಗಿನ ಇಳಿಜಾರು ಕೂಡಬೇಕಲ್ಲ. ಹೊಸದಾಗಿ ತಯಾರಾಗಿ ಬರುವ ನಕಲುಗಳಲ್ಲಿ ಸ್ಪಿಂಡಲ್ ಮೆತ್ತಗಿರುತ್ತದೆ. ಅರದ ಮೂಲೆಯಿಂದ ಕೆಳತುದಿಯನ್ನು ಒಮ್ಮೆ ಗೀರಿದರೆ ಗೊತ್ತಾಗುತ್ತದೆ: ಅರ ಜಾರಿದರೆ ಒಳ್ಳೆಯದು, ಕಚ್ಚಿದರೆ ವಾಪಸ್ ಕೊಡಿ. ಗುಜರಿಯಲ್ಲಿ ಪೂರ್ತಿ ಸೆಟ್ ಸಿಕ್ಕರೆ ಮೋಟರ್ ಸುಟ್ಟಿದ್ದರೂ ಬಿಡಬಾರದು, ಕೊಳವೆ, ರ್‍ಯಾಕ್, ವೀಲ್‌ಬಾಕ್ಸ್ ಮೂರೂ ಒಂದೇ ಗಾಡಿಯವು ಆಗಿರುತ್ತವೆ.

ಸ್ಪಿಂಡಲ್ ಹೊರಬರುವ ಕಡೆ ತಗಡಿಗೂ ನಟ್ಟಿಗೂ ನಡುವೆ ಕೂರುವ ರಬ್ಬರ್ ಸ್ಪೇಸರ್ ಎಲ್ಲೂ ಸರಿಯಾದದ್ದು ಸಿಗಲಿಲ್ಲ. ಹಳೆಯದು ಗಟ್ಟಿಯಾಗಿ ಬಿರಿದರೆ ನೀರು ಸ್ಪಿಂಡಲ್ ಹಿಡಿದು ಡ್ಯಾಶ್ ಹಿಂದೆ ಇಳಿದು ಕಾಲಡಿಯ ತಗಡನ್ನು ತಿನ್ನುತ್ತದೆ. 10 ಮಿ.ಮೀ. ದಪ್ಪದ ಇಪಿಡಿಎಂ ಎಂಬ ಬಿಸಿಲು ತಾಳುವ ರಬ್ಬರ್ ಹಾಳೆಯಲ್ಲಿ ತೂತು ಪಂಚ್ ಮಾಡಿ, ಹಳೆಯದರ ಇಳಿಜಾರಿಗೆ ಮರಳುಕಾಗದದಲ್ಲಿ ಉಜ್ಜಿ ಮಾಡಿದ್ದು ಚೆನ್ನಾಗಿ ಕೂತಿದೆ. ಮಾಮೂಲಿ ಟ್ಯೂಬ್ ರಬ್ಬರ್ ಬಿಸಿಲಿಗೆ ಬೇಗ ಬಿರಿಯುತ್ತದೆ.

ಬ್ಲೇಡ್

ಆರ್ಮ್ ತುದಿಯ ಅಗಲ ಅಳೆಯಿರಿ. ಹಳೇ ಚಪ್ಪಟೆ ತುದಿ 5.2 ಅಥವಾ 7.2 ಮಿ.ಮೀ. ಇರುತ್ತದೆ, ನಮ್ಮದು 5.2. ಈಗಿನ ಕೊಕ್ಕೆ ಬ್ಲೇಡ್ ಇದಕ್ಕೆ ಕೂರುವುದಿಲ್ಲ. ಹಳೇ ಬ್ಲೇಡಿನ ಲೋಹದ ಮೈ ಚೆನ್ನಾಗಿದ್ದರೆ ರಬ್ಬರ್ ರೀಫಿಲ್ ಮಾತ್ರ ಬದಲಾಯಿಸುವುದು ಲೇಸು: ಅದೇ ಅಗಲದ ಉದ್ದನೆ ರೀಫಿಲ್ ತಂದು ಕತ್ತರಿಸಿ, ಹಳೇ ಉಕ್ಕಿನ ಪಟ್ಟಿಗಳನ್ನೇ ಹಾಕಿ, ಒಂದು ತುದಿಯ ಉಗುರನ್ನು ಮಾತ್ರ ಇಕ್ಕಳದಲ್ಲಿ ಒತ್ತಬೇಕು. ಎರಡೂ ತುದಿ ಒತ್ತಿದರೆ ರಬ್ಬರ್ ಗಾಜಿನ ಬಾಗಿಗೆ ಒಗ್ಗುವುದಿಲ್ಲ. ಬ್ಲೇಡ್ ಒಂದು ದಿಕ್ಕಿಗೆ ಮಾತ್ರ ಕಟಕಟ ಅಂದರೆ ಆರ್ಮ್ ತಿರುಚಿದೆ ಎಂದರ್ಥ, ಬಟ್ಟೆ ಸುತ್ತಿ ಎರಡು ಸ್ಪ್ಯಾನರ್‌ನಿಂದ ತಿದ್ದಿ ರಬ್ಬರ್ ಗಾಜಿಗೆ ನೇರ ನಿಲ್ಲುವಂತೆ ಮಾಡಬೇಕು. ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟ ಗಾಜಿನ ಉಪ್ಪಿನ ಪೊರೆ ಹೊಸ ರಬ್ಬರನ್ನು ಬೇಗ ತಿನ್ನುತ್ತದೆ. ವಿನೆಗರ್‌ನಲ್ಲಿ ಒರೆಸಿ ತೆಗೆದ ಮೇಲೆಯೇ ರೀಫಿಲ್ ಹಾಕಿ.

ಬಾಕಿ

ಎಡಗಡೆ ಆರ್ಮ್ ಒಂದೇ. ಅದರ ಒಳಗಿನ ಸ್ಪ್ಲೈನ್ ಸವೆದು ನುಣ್ಣಗಾಗಿದೆ, ಜಾರುವುದು ಅದಕ್ಕೇ. ಎಪಾಕ್ಸಿ ಅಥವಾ ಬೆಸುಗೆ ಹಾಕಿದರೆ ಮುಂದೆ ಕಳಚುವಾಗ ಸ್ಪಿಂಡಲೇ ಹೋಗುತ್ತದೆ. ಮಾರುತಿ ಆರ್ಮ್ ನಟ್ಟಿನಿಂದ ಬಿಗಿಯುವಂಥದ್ದು, ಈ ಸ್ಪಿಂಡಲ್‌ಗೆ ನಟ್ ಹಿಡಿಯುವ ತಿರುಪಿನ ಗೆರೆಯೇ (ಥ್ರೆಡ್) ಇಲ್ಲ, ಹಿಡಿಯುವುದು ಆರ್ಮ್ ಒಳಗಿನ ಸ್ಪ್ರಿಂಗ್ ಕ್ಲಿಪ್. ಬೇಕಿರುವುದು ಕಾಲು ಇಂಚಿನ ಸ್ಪ್ಲೈನ್, ಕ್ಲಿಪ್ ಹಿಡಿತ, 5.2 ಮಿ.ಮೀ. ಚಪ್ಪಟೆ ತುದಿಯ ಎಡಗಡೆ ಆರ್ಮ್. ಯಾರ ಬಳಿಯಾದರೂ ಇದ್ದರೆ ಒಳಗಿನ ಸ್ಪ್ಲೈನ್‌ಗಳನ್ನು ಎಣಿಸಿ, ಸ್ಪಿಂಡಲ್ ನಡುವಿನಿಂದ ತುದಿಯವರೆಗಿನ ಉದ್ದ ಅಳೆದು ತಿಳಿಸಿ.