ನಯಾಗರಾ ನೋಡಲು ದುಡ್ಡು ಕೊಡಬೇಕಿದ್ದ ಕಾಲ

ನಯಾಗರಾ ಜಲಪಾತದ ಅಮೆರಿಕದ ದಡಕ್ಕೆ ಈಗ ಟಿಕೆಟ್ ಇಲ್ಲ. ಕಾರು ನಿಲ್ಲಿಸೋಕೆ ದುಡ್ಡು, ಅಷ್ಟೇ. ಬಫಲೋದಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಗೋಟ್ ಐಲ್ಯಾಂಡಿನ ಕಂಬಿ ಹಿಡಿದು ನಿಂತುಬಿಡುತ್ತೇನೆ. ಅಂಚಿಗೆ ಬರುವ ತನಕ ನೀರು ದಟ್ಟ ಹಸಿರು. ಬಾಗುವ ಕಡೆ ಗಾಜಿನ ಹಾಗೆ ನುಣುಪು. ಆಮೇಲೆ ಬರೀ ಬಿಳಿ, ಬರೀ ಸದ್ದು.

1860-70ರ ದಶಕಗಳಲ್ಲಿ ಹೀಗೆ ಸುಮ್ನೆ ನಿಲ್ಲೋಕೆ ಆಗುತ್ತಿರಲಿಲ್ಲ. ದಡವೆಲ್ಲ ಖಾಸಗಿಯವರದ್ದು. ನೀರಿನಂಚಿಗೇ ಗಿರಣಿಗಳು, ಅಂಗಡಿಗಳು, ಅಡ್ಡಕ್ಕೆ ಬೇಲಿ. ದುಡ್ಡು ಕೊಟ್ಟವರಿಗೇ ದರ್ಶನ.

ಇದು ತಪ್ಪು ಅಂತ ಮೊದಲು ಓಡಾಡಿದವರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಒಬ್ಬರು. 1878ರಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಡಫರಿನ್ ಕೂಡ ದನಿಗೂಡಿಸಿದರು (ಮುಂದೆ ನಮ್ಮಲ್ಲಿಗೆ ವೈಸರಾಯ್ ಆಗಿ ಬಂದವರೇ). ದಡವನ್ನು ಸರ್ಕಾರವೇ ಉಳಿಸಬೇಕು ಅಂತ 1880ರಲ್ಲಿ ಸಲ್ಲಿಸಿದ ಮನವಿಗೆ ಎಮರ್ಸನ್, ಕಾರ್ಲೈಲ್, ರಸ್ಕಿನ್‌ರಂಥ ದೊಡ್ಡ ಲೇಖಕರು ಸಹಿ ಹಾಕಿದ್ದರು. ಆದರೂ ನ್ಯೂಯಾರ್ಕ್ ರಾಜ್ಯದ ಗವರ್ನರ್ ಕಾರ್ನೆಲ್ ಜಗ್ಗಲಿಲ್ಲ.

ನನಗೆ ಬಹಳ ಇಷ್ಟವಾಗುವುದು ಇದರ ನಂತರದ ಕತೆ. ದೊಡ್ಡವರ ಸಹಿಯಿಂದ ಕೆಲಸ ಆಗಲ್ಲ, ಓಟು ಹಾಕುವ ಜನ ಕೇಳಬೇಕು ಅಂತ ಓಲ್ಮ್‌ಸ್ಟೆಡ್ ಮತ್ತು ಹಾರ್ವರ್ಡಿನ ಪ್ರೊಫೆಸರ್ ಚಾರ್ಲ್ಸ್ ಎಲಿಯಟ್ ನಾರ್ಟನ್ ತೀರ್ಮಾನಿಸಿದರು. ಹಣ ಕೂಡಿಸಿ, ಪತ್ರಿಕೆಗಳಿಗೆ ಬರೆಯಲೆಂದೇ ಜನರನ್ನು ನಯಾಗರಾಕ್ಕೆ ಕಳಿಸಿದರು. ಅವರಲ್ಲಿ ಜೊನಾಥನ್ ಬ್ಯಾಕ್ಸ್‌ಟರ್ ಹ್ಯಾರಿಸನ್ ಎಂಬ ಪಾದ್ರಿಯೂ ಇದ್ದರು. ದಡ ಹೇಗೆ ಕೆಟ್ಟಿದೆ, ಏನು ಮಾಡಿದರೆ ಉಳಿಯುತ್ತದೆ ಅಂತ 1882ರ ಬೇಸಿಗೆಯಲ್ಲಿ ಅವರು ಬಾಸ್ಟನ್, ನ್ಯೂಯಾರ್ಕ್ ಪತ್ರಿಕೆಗಳಿಗೆ ಪತ್ರದ ಮೇಲೆ ಪತ್ರ ಬರೆದರು. ನಯಾಗರಾ ನೋಡದ ಮನೆಗಳಲ್ಲೂ ಆ ಮಾತು ಎದ್ದಿತು. 1883ರ ಜನವರಿಯಲ್ಲಿ ನಯಾಗರಾ ಫಾಲ್ಸ್ ಅಸೋಸಿಯೇಷನ್ ಹುಟ್ಟಿತು. ಬರೀ ನೋಟಕ್ಕೆ ತೆರಿಗೆ ದುಡ್ಡು ಯಾಕೆ ಅನ್ನುವವರು ಕಡಿಮೆ ಇರಲಿಲ್ಲ. ಆದರೂ 1885ರ ಏಪ್ರಿಲ್ 30ರಂದು, ದಡದ ಭೂಮಿಯನ್ನು ರಾಜ್ಯವೇ ಕೊಳ್ಳುವ ಮಸೂದೆಗೆ ಆಗಿನ ಗವರ್ನರ್ ಹಿಲ್ ಸಹಿ ಹಾಕಿದರು. ಭೂಮಿಗೆ ಸುಮಾರು 14.3 ಲಕ್ಷ ಡಾಲರ್. ಜುಲೈ 15ಕ್ಕೆ ದಡ ಎಲ್ಲರದ್ದಾಯಿತು.

ನಾನು ಸಾಗರದವಳು. ಇದನ್ನೆಲ್ಲ ಓದುವಾಗ ಜೋಗ ನೆನಪಾಗದೆ ಇರುತ್ತದಾ? 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ಮೈದುಂಬುವುದು ಮಳೆಗಾಲ ಜೋರಾದರೆ ಮಾತ್ರ. ಕರೆಂಟು ಬೇಕು, ಇಲ್ಲ ಅನ್ನಲ್ಲ. ಅದರ ಬೆಳಕಲ್ಲೇ ನಾನೂ ಓದಿದ್ದು. ನಯಾಗರಾದಲ್ಲೂ ಕರೆಂಟು ತೆಗೆಯುತ್ತಾರೆ. ಆದರೆ 1950ರ ಅಮೆರಿಕ-ಕೆನಡಾ ಒಪ್ಪಂದದ ಪ್ರಕಾರ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಹಗಲಲ್ಲಿ ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಜಲಪಾತಕ್ಕೆ ಬಿಡಲೇಬೇಕು. ಉಳಿದ ಹೊತ್ತಲ್ಲಿ ಅದರ ಅರ್ಧ. ನೋಟಕ್ಕೂ ಒಂದು ಪಾಲು, ಅದೂ ಕಾಗದದ ಮೇಲೆ!

ಜೋಗಕ್ಕೂ ಅಂಥದ್ದೊಂದು ಪಾಲು ಬರೆದಿಡಿ ಅಂತ ಕೇಳುವುದು ಜಾಸ್ತಿಯಾಯಿತಾ? ನನಗಂತೂ ಹಾಗನಿಸಲ್ಲ. ಪತ್ರಿಕೆಯ ವಾಚಕರ ವಾಣಿಗೆ ಬರೆಯಲು ಕೂತಿದ್ದೇನೆ. ನೀವೂ ಬರೆಯಿರಿ, ನಿಮ್ಮ ಶಾಸಕರಿಗೂ ಒಂದು ಪ್ರತಿ ಕಳಿಸಿ.