ಐದರಲ್ಲಿ ಎಷ್ಟು?

ನಿನ್ನೆ ಕಾಲೇಜಿನವರು ಒಂದು ಫಾರ್ಮ್ ಕಳಿಸಿದ್ದರು. 'ಈ ಕ್ಯಾಂಪಸ್ ನಿಮ್ಮದು ಅನ್ನಿಸುತ್ತದೆಯೇ? 1ರಿಂದ 5ರವರೆಗೆ ಅಂಕ ಕೊಡಿ.' ನಾನು ಸುಮ್ನೆ 4 ಒತ್ತಿ ಕಳಿಸಿಬಿಟ್ಟೆ.

ಪುಣೆಗೆ ಬಂದ ಹೊಸತರಲ್ಲಾದರೆ 2 ಕೊಡುತ್ತಿದ್ದೆನೇನೋ. ಆಗ ಮೆಸ್ಸಿನಲ್ಲಿ ಬಡಿಸುವ ಹುಡುಗಿಯನ್ನು ಎಲ್ಲರೂ 'ತಾಯಿ' ಅಂತ ಕರೆಯುವುದು ಕೇಳಿ, ಇಷ್ಟು ಚಿಕ್ಕವಳು ಅದ್ಹೇಗೆ ತಾಯಿ ಅಂತ ತಲೆ ಕೆರೆದುಕೊಂಡಿದ್ದೆ. ಮರಾಠಿಯಲ್ಲಿ 'ತಾಯಿ' ಅಂದರೆ ಅಕ್ಕ ಅಂತ ಆಮೇಲೆ ಗೊತ್ತಾಯಿತು. ವಿಜಯಪುರದ ಕಡೆಯ ನಾವು ಮೂವರು ಮೂಲೆಯ ಟೇಬಲ್ ಹಿಡಿದು, ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಎದ್ದು ಹೋಗುತ್ತಿದ್ದೆವು. ಬೇರೆ ಯಾರನ್ನೂ ಕರೆದವರಲ್ಲ.

ನನ್ನ ರೂಮ್‌ಮೇಟ್ ಮಣಿಪುರದವನು. ನಮ್ಮ ಚಟ್ನಿಯನ್ನು ಅನ್ನಕ್ಕೆ ಕಲಸಿಕೊಂಡು 'ಖಾರ ಕಡಿಮೆ' ಅಂದ. ಮರುದಿನ ಅವರೂರಿನ ಉ-ಮೊರೊಕ್ ಮೆಣಸಿನಕಾಯಿಯ ಚೂರು ಕೊಟ್ಟ. ನಮ್ಮ ಬ್ಯಾಡಗಿ ಅಲ್ಲಿಗೇ ಸೋತಿತು, ಬಿಡಿ!

ಫಾರ್ಮಿಗೆ ನೀನೆಷ್ಟು ಕೊಟ್ಟೆ ಅಂತ ಕೇಳಿದೆ. ನಕ್ಕ. ಅವನಿಗೆ ಇಲ್ಲಿ ಮೂರನೇ ವರ್ಷ. ಮೊನ್ನೆಯೂ ಗೇಟಿನ ಹತ್ತಿರ ಒಬ್ಬರು 'ಯಾವ ದೇಶ?' ಅಂದರಂತೆ. ನನ್ನನ್ನು ಯಾರೂ ಹಾಗೆ ಕೇಳಿಲ್ಲ. ಬಾಯಿ ಬಿಡುವವರೆಗೆ ನಾನೂ ಇಲ್ಲಿಯವನೇ ಅಲ್ವಾ? ನನ್ನ 4ರಲ್ಲಿ ಈ ಮುಖದ ಪಾಲೆಷ್ಟೋ.

1848ರಲ್ಲಿ ಸಾವಿತ್ರಿಬಾಯಿ ಫುಲೆ ಹುಡುಗಿಯರಿಗೆ ಪಾಠ ಹೇಳಿದ ಭಿಡೆವಾಡಾ ಅನ್ನೋ ಮನೆ ಇದೇ ಊರಿನಲ್ಲಿತ್ತು, 2023ರಲ್ಲಿ ಕೆಡವಿದರು. ದಾರಿಯಲ್ಲಿ ಜನ ಸಗಣಿ ಎರಚುತ್ತಾರೆಂದು ಅವರು ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರಂತೆ. ಅವರಿಗೆ ಯಾರು ಫಾರ್ಮ್ ಕೊಟ್ಟಿದ್ದರು?

ಚಟ್ನಿ ಡಬ್ಬಿ ಖಾಲಿ. ಅವ್ವನಿಗೆ ಫೋನ್ ಮಾಡಿ ಈ ಸಲ ಎರಡು ಕಿಲೋ ಕಳಿಸು ಅಂದಿದ್ದೇನೆ, ಖಾರ ಜಾಸ್ತಿ ಹಾಕಿ.